ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿ ನೋವು: ಎಕ್ಸ್‌ರೇಯಲ್ಲಿ ಕಂಡ ಮುಳ್ಳಿಗೆ ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಾರು ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುತ್ತೇನೆ. ಬೇಸಿಗೆ ರಜೆ ಮುಗಿದು ತರಗತಿಗಳು ಆರಂಭವಾದ ಮೇಲೆ ಬಲಗಾಲಿನ ಹಿಮ್ಮಡಿ ನೋಯಲಾರಂಭಿಸಿದೆ. ಬೆಳಗ್ಗೆ ಹಾಸಿಗೆಯಿಂದೆದ್ದು ಕಾಲನ್ನು ನೆಲಕ್ಕೂರಿದ ಕ್ಷಣವೇ ಹಿಮ್ಮಡಿಯ ತಳದಲ್ಲಿ, ಸ್ವಲ್ಪ ಒಳಮಗ್ಗುಲಿಗೆ, ತಡೆಯಲಾಗದಷ್ಟು ಇರಿತವಾಗುತ್ತದೆ. ಗೋಡೆ ಹಿಡಿದುಕೊಂಡು ಬಚ್ಚಲಮನೆಯವರೆಗೆ ಹೋಗುವಷ್ಟರಲ್ಲಿ ನೋವು ಸಡಿಲವಾಗಿ, ತಿಂಡಿ ಮಾಡಿ ಮುಗಿಸುವ ಹೊತ್ತಿಗೆ ಬಹುಮಟ್ಟಿಗೆ ಮರೆಯಾಗಿರುತ್ತದೆ. ಮಧ್ಯಾಹ್ನ ಉತ್ತರಪತ್ರಿಕೆ ತಿದ್ದಲು ಕುಳಿತು ಎದ್ದರೆ ಪುನಃ ಅದೇ ಇರಿತ. ಸಂಜೆ ಮನೆ ಸೇರುವಾಗ ಅಂಗಾಲು ಪೂರ್ತಿ ಸೋತು ಹೋಗಿರುತ್ತದೆ.

ಎಕ್ಸ್‌ರೇ ತೆಗೆಸಿದಾಗ "ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ" ಎಂದರು. ನೋವಿನ ಮಾತ್ರೆ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಇಂಜೆಕ್ಷನ್ ಹಾಕುವುದಾಗಿ ಹೇಳಿದ್ದಾರೆ. ಬೆಳೆದ ಮೂಳೆಯನ್ನು ಕತ್ತರಿಸದೆ ಈ ನೋವು ಹೋಗುವುದಿಲ್ಲವೆಂದು ಬಂಧುಗಳೊಬ್ಬರು ಹೆದರಿಸಿರುವುದರಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ಇದರ ಜೊತೆಗೆ ಇನ್ನೆರಡು ವಿಷಯಗಳಿವೆ. ಹಿಂದೊಮ್ಮೆ ಮೆಟ್ಟಿಲು ತಪ್ಪಿ ಎಡಗಾಲು ಉಳುಕಿತ್ತು. ಈಗಲೂ ಹೆಚ್ಚು ನಡೆದ ದಿನ ಆ ಹರಡಿನ ಹೊರಭಾಗ ಊದಿಕೊಳ್ಳುತ್ತದೆ. ತಗ್ಗುದಿಣ್ಣೆಯ ದಾರಿಯಲ್ಲಿ ಕಾಲು ಹೊರಳಿಬಿಡುವುದೇನೋ ಎಂಬ ಅಳುಕು ಇದ್ದೇ ಇರುತ್ತದೆ. ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯಿದ್ದು, ರಾತ್ರಿ ಎರಡೂ ಅಂಗಾಲು ಉರಿಯುತ್ತವೆ ಎನ್ನುತ್ತಾರೆ. "ನಿನ್ನದೂ ನನ್ನದೂ ಒಂದೇ ನೋವು, ಹರಳೆಣ್ಣೆ ಹಚ್ಚಿ ಬಿಸಿನೀರಲ್ಲಿ ಕಾಲಿಡು" ಎಂಬುದು ಅವರ ಸಲಹೆ. ಇವೆಲ್ಲ ಒಂದೇ ಬಗೆಯ ತೊಂದರೆಗಳೇ? ಮುಂದೆ ಏನು ಮಾಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ನಮಸ್ಕಾರ ಮೇಡಂ. ನೀವು ನೋವನ್ನು ವಿವರಿಸಿದ ರೀತಿಯಲ್ಲೇ ಅರ್ಧ ಉತ್ತರವಿದೆ. ಪಾದದ ನೋವಿನಲ್ಲಿ "ಎಲ್ಲಿ" ಮತ್ತು "ಯಾವಾಗ" ಎಂಬ ಎರಡು ಪ್ರಶ್ನೆಗಳು ಎಷ್ಟೋ ಸಲ ಎಕ್ಸ್‌ರೇಗಿಂತ ಹೆಚ್ಚಿನದನ್ನು ಹೇಳುತ್ತವೆ. ನೀವು ಹೇಳಿದ ಮೂರು ಹೊತ್ತಿನ ನೋವುಗಳು, ಎಂದರೆ ಬೆಳಗಿನ ಮೊದಲ ಹೆಜ್ಜೆಯದು, ಕುಳಿತು ಎದ್ದಾಗಿನದು ಮತ್ತು ದಿನವಿಡೀ ನಿಂತ ಬಳಿಕ ಸಂಜೆಯದು, ಪ್ಲಾಂಟಾರ್ ಫೇಶಿಯೈಟಿಸ್ ಎಂಬ ತೊಂದರೆಯ ಅಚ್ಚುಕಟ್ಟಾದ ಲಕ್ಷಣಗಳು. ವಯಸ್ಕರ ಹಿಮ್ಮಡಿ ನೋವಿಗೆ ಅತ್ಯಂತ ಸಾಮಾನ್ಯವಾದ ಕಾರಣವೇ ಇದು; ನಲವತ್ತರಿಂದ ಅರವತ್ತರ ನಡುವಿನವರಲ್ಲಿ, ಅದರಲ್ಲೂ ನಿಂತು ಕೆಲಸ ಮಾಡುವವರಲ್ಲಿ ಹೆಚ್ಚು.

ಹಿಮ್ಮಡಿ ಮೂಳೆಯ ತಳದಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ದಪ್ಪನೆಯ ನಾರಿನ ಪಟ್ಟಿಯೊಂದು ಹರಡಿಕೊಂಡಿದೆ. ಪಾದದ ಕಮಾನು ಬಿಲ್ಲಾದರೆ ಈ ಪಟ್ಟಿ ಅದರ ಹೆದೆ. ಹೆಜ್ಜೆಯಿಡುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಮೇಲಕ್ಕೆ ಬಾಗಿದೊಡನೆ ಪಟ್ಟಿ ಬಿಗಿದು ಕಮಾನನ್ನು ಎತ್ತಿ ಹಿಡಿಯುತ್ತದೆ. ಹೊರೆ ಹಠಾತ್ತನೆ ಹೆಚ್ಚಿದಾಗ ಈ ಪಟ್ಟಿ ಮೂಳೆಗೆ ಅಂಟಿರುವ ಜಾಗದಲ್ಲಿ ಜರ್ಜರಿತಗೊಂಡು ದಪ್ಪವಾಗುತ್ತದೆ. ರಜೆಯಲ್ಲಿ ವಿಶ್ರಾಂತಿಯಲ್ಲಿದ್ದ ಕಾಲು ಒಮ್ಮೆಲೇ ದಿನವಿಡೀ ನಿಲ್ಲಬೇಕಾಗಿ ಬಂದದ್ದು ನಿಮ್ಮಲ್ಲಿ ಆ ಹಠಾತ್ ಹೊರೆಯಾಗಿರಬಹುದು. ರಾತ್ರಿ ಮಲಗಿರುವಾಗ ಪಾದ ಕೆಳಮುಖವಾಗಿ ಬಾಗಿದ್ದು ಪಟ್ಟಿ ಸಡಿಲ ಸ್ಥಿತಿಯಲ್ಲೇ ಇರುತ್ತದೆ. ಬೆಳಗ್ಗೆ ಇಡೀ ದೇಹದ ಭಾರ ಒಂದೇ ಸಲಕ್ಕೆ ಅದರ ಮೇಲೆ ಬೀಳುವುದರಿಂದ ಮೊದಲ ಹೆಜ್ಜೆಗೇ ಅತಿ ಹೆಚ್ಚು ನೋವು.

ಈಗ ಎಕ್ಸ್‌ರೇಯಲ್ಲಿ ಕಂಡ ಮುಳ್ಳಿನ, ಎಂದರೆ ನಿಮಗೆ ಹೇಳಿದ ಆ ಬೆಳೆದ ಮೂಳೆಯ ವಿಷಯ. ಇಂಥ ಮುಳ್ಳು ಯಾವ ನೋವೂ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿಯೂ ಇರುತ್ತದೆ, ತೀವ್ರ ನೋವಿರುವ ಅನೇಕರಲ್ಲಿ ಇರುವುದೇ ಇಲ್ಲ. ನೋವು ಪೂರ್ತಿ ಗುಣವಾದ ಮೇಲೆ ಮತ್ತೊಮ್ಮೆ ಎಕ್ಸ್‌ರೇ ತೆಗೆದರೂ ಅದು ಇದ್ದಲ್ಲೇ ಇರುತ್ತದೆ. ಕೆಳಮುಖವಾಗಿ ಬೆಳೆದು ಮಾಂಸಕ್ಕೆ ಚುಚ್ಚುತ್ತಿದೆ ಎಂದು ಬಹಳ ಜನ ಕಲ್ಪಿಸಿಕೊಂಡು ಹೆದರುತ್ತಾರೆ. ವಾಸ್ತವದಲ್ಲಿ ಅದು ಬೆರಳುಗಳ ಕಡೆಗೆ, ಅಡ್ಡಲಾಗಿ ಚಾಚಿಕೊಂಡಿರುತ್ತದೆ. ಮುಳ್ಳಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕತ್ತರಿಸುವ ಅಗತ್ಯವಿಲ್ಲ. ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಈ ನೋವು ಇಳಿಯುತ್ತದೆ, ಆದರೆ ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ಒಂದು ವರ್ಷವೂ ಆಗಬಹುದು ಎಂಬುದನ್ನು ಮೊದಲೇ ಹೇಳುವುದು ಒಳ್ಳೆಯದು. ಎರಡೇ ವಾರಕ್ಕೆ ಬೇಸತ್ತು ವ್ಯಾಯಾಮ ಬಿಡುವವರನ್ನು ನಾನು ನಿತ್ಯವೂ ನೋಡುತ್ತೇನೆ.

ಇವತ್ತಿನಿಂದಲೇ ಆರಂಭಿಸಬಹುದಾದದ್ದು ಇದು. ಬೆಳಗ್ಗೆ ಕಾಲನ್ನು ನೆಲಕ್ಕೆ ಇಡುವ ಮೊದಲೇ ಮಂಚದ ಅಂಚಿನಲ್ಲಿ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಂಡು, ಬೆರಳುಗಳ ಬುಡವನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿ ನೋಡಿದರೆ ಪಟ್ಟಿ ತಂತಿಯಾಗಿ ಬಿಗಿದಿರುವುದು ಗೊತ್ತಾಗುತ್ತದೆ. ಹತ್ತು ಸೆಕೆಂಡು ಹಾಗೆಯೇ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಸ್ಟಾಫ್ ರೂಮಿನಿಂದ ಎದ್ದು ತರಗತಿಗೆ ಹೊರಡುವ ಮುನ್ನವೂ ಒಂದು ಸುತ್ತು ಮಾಡಿ. ಮೀನಖಂಡ ಬಿಗಿಯಾಗಿದ್ದರೆ ಅಂಗಾಲಿನ ಮೇಲೆ ಎಳೆತ ಹೆಚ್ಚಾಗುವುದರಿಂದ, ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲುವ ವ್ಯಾಯಾಮವನ್ನೂ ಮಾಡಬೇಕು. ಒಮ್ಮೆ ಮೊಣಕಾಲು ನೇರವಾಗಿಟ್ಟು, ಒಮ್ಮೆ ತುಸು ಮಡಿಸಿ, ಪ್ರತಿಸಲವೂ ಮೂವತ್ತು ಸೆಕೆಂಡು. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವುದನ್ನು ಸದ್ಯಕ್ಕೆ ನಿಲ್ಲಿಸಿ, ಮನೆಯೊಳಗೇ ಬಳಸಲು ಬೇರೊಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ.

ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಅಂಗಾಲಿನಲ್ಲಿ ಜೋಮು ಅಥವಾ ಮರಗಟ್ಟಿದ ಅನುಭವವಿದೆಯೇ? ಮಲಗಿದ್ದಾಗಲೂ ನೋವು ಎಬ್ಬಿಸುತ್ತದೆಯೇ?

ಉತ್ತರ 2: ಮೂಳೆ ಮತ್ತು ಕೀಲು ವೈದ್ಯ, ಮಂಗಳೂರು

ಮೇಲಿನ ಉತ್ತರ ಸರಿಯಾಗಿದೆ. ಆದರೆ ಹಿಮ್ಮಡಿ ನೋವೆಂದರೆಲ್ಲ ಇದೇ ಎಂದು ಓದುಗರು ತಿಳಿಯಬಾರದೆಂಬ ಕಾಳಜಿಯಿಂದ ಕೆಲವು ಮಾತು ಸೇರಿಸುತ್ತೇನೆ.

ನೋವು ಹಿಮ್ಮಡಿಯ ತಳದಲ್ಲಿರದೆ ಹಿಂಭಾಗದಲ್ಲಿದ್ದರೆ, ಅಥವಾ ಅಲ್ಲಿಂದ 2 ರಿಂದ 6 ಸೆಂಟಿಮೀಟರ್ ಮೇಲೆ ಸ್ನಾಯುರಜ್ಜು ಗಂಟುಗಟ್ಟಿದಂತೆ ದಪ್ಪವಾಗಿದ್ದರೆ, ಅದು ಅಕಿಲಿಸ್ ರಜ್ಜುವಿನ ತೊಂದರೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್ ಮಾತ್ರೆಗಳನ್ನು ತೆಗೆದುಕೊಳ್ಳುವಾಗ ಈ ರಜ್ಜುವಿನಲ್ಲಿ ನೋವು ಕಾಣಿಸಿಕೊಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಈ ಔಷಧಿಗಳಿಂದ ರಜ್ಜು ಹರಿಯುವ ಅಪಾಯವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008 ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ. ಅರವತ್ತು ದಾಟಿದವರಲ್ಲಿ ಮತ್ತು ಸ್ಟೆರಾಯ್ಡ್ ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಹಿಮ್ಮಡಿಯನ್ನು ಎರಡೂ ಪಕ್ಕಗಳಿಂದ ಅಂಗೈಗಳ ನಡುವೆ ಒತ್ತಿದಾಗ ತೀವ್ರವಾಗಿ ನೋಯುವುದಾದರೆ ಮತ್ತು ನಡೆದಷ್ಟೂ ನೋವು ಏರುತ್ತಾ ಹೋಗುವುದಾದರೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವ ಸಾಧ್ಯತೆಯನ್ನು ಯೋಚಿಸಬೇಕು. ಮೊದಲ ಎರಡು ಮೂರು ವಾರ ಇದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ನೋವಿನ ಜೊತೆ ಜೋಮು ಮತ್ತು ಉರಿ ಇದ್ದರೆ ನರ ಒತ್ತಲ್ಪಟ್ಟಿರಬಹುದು. ಆ ಒತ್ತಡ ಹರಡಿನ ಒಳಭಾಗದಲ್ಲಿರಬಹುದು, ಸೊಂಟದಲ್ಲಿಯೂ ಇರಬಹುದು. ಮೂವತ್ತರ ಆಸುಪಾಸಿನ ಯುವಕನೊಬ್ಬ ಎರಡೂ ಹಿಮ್ಮಡಿ ನೋಯುತ್ತವೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟ ಹಿಡಿದುಕೊಂಡಿರುತ್ತದೆ, ಓಡಾಡಿದ ಮೇಲೆಯೇ ಹಗುರವಾಗುತ್ತದೆ ಎಂದರೆ ಅವನನ್ನು ಸಂಧಿವಾತ ತಜ್ಞರ ಬಳಿಗೆ ಕಳುಹಿಸುವುದು ಕರ್ತವ್ಯ. ಹಿಮ್ಮಡಿ ನೋವೆಂದು ವರ್ಷಗಟ್ಟಲೆ ಚಪ್ಪಲಿ ಬದಲಿಸುತ್ತಾ ಕಾಲ ಕಳೆದು, ಅಷ್ಟರಲ್ಲಿ ಬೆನ್ನುಮೂಳೆ ಬೆಸೆದುಕೊಳ್ಳಲಾರಂಭಿಸಿದ ಯುವಕರನ್ನು ನೋಡಿದಾಗ ಬಹಳ ನೋವಾಗುತ್ತದೆ. ಇನ್ನು ಚಿಕೂನ್‌ಗುನ್ಯ ಜ್ವರದ ನಂತರ ಹರಡು ಮತ್ತು ಪಾದದ ಕೀಲುಗಳು ತಿಂಗಳುಗಟ್ಟಲೆ ಊದಿ ನೋಯುವುದು 2006 ರ ಹಾವಳಿಯನ್ನು ಕಂಡ ನಮ್ಮ ರಾಜ್ಯದ ಜನರಿಗೆ ಹೊಸದೇನಲ್ಲ.

ಇಂಜೆಕ್ಷನ್ ಬಗ್ಗೆ: ಸ್ಟೆರಾಯ್ಡ್ ಸೂಜಿಯಿಂದ ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಉಪಶಮನ ಸಿಗುತ್ತದೆ ಎಂಬುದು ನಿಜ. ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ಒಮ್ಮೆ ಕೊಡುವುದರಲ್ಲಿ ಅರ್ಥವಿದೆ. ಆದರೆ ಪದೇ ಪದೇ ಹಾಕಿಸಿಕೊಂಡರೆ ನಾರುಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಮೆತ್ತೆಯಂತಿರುವ ಕೊಬ್ಬು ಸವೆಯುವ ಅಪಾಯವಿದೆ. ಸವೆದ ಆ ಕೊಬ್ಬನ್ನು ಮರಳಿ ತರಲು ನಮ್ಮ ಬಳಿ ಸಮರ್ಪಕವಾದ ಉಪಾಯವಿಲ್ಲ. ಆದ್ದರಿಂದ ವ್ಯಾಯಾಮ ಮತ್ತು ಪಾದರಕ್ಷೆಯ ಬದಲಾವಣೆಯನ್ನು ಕ್ರಮವಾಗಿ ಮಾಡಿ ನೋಡದೆ ನೇರವಾಗಿ ಸೂಜಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಎಡಗಾಲಿನದು ಬೇರೆಯದೇ ಕಥೆ. ಕಾಲು ಒಳಮುಖವಾಗಿ ಹೊರಳಿದಾಗ ಹರಡಿನ ಹೊರಭಾಗದ ಅಸ್ಥಿರಜ್ಜುಗಳು, ಮುಖ್ಯವಾಗಿ ಮುಂದಿನದು, ಜಗ್ಗುತ್ತವೆ ಅಥವಾ ಹರಿಯುತ್ತವೆ. ಊತ ಇಳಿದ ಕೂಡಲೇ ವಾಸಿಯಾಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಕೀಲು ಎತ್ತ ವಾಲುತ್ತಿದೆ ಎಂಬ ಅರಿವನ್ನು ಮೆದುಳಿಗೆ ತಲುಪಿಸುವ ವ್ಯವಸ್ಥೆ ಮತ್ತು ಪಕ್ಕದ ಸ್ನಾಯುಗಳ ಶಕ್ತಿ ತಾವಾಗಿಯೇ ಮರಳುವುದಿಲ್ಲ. ನಿಮ್ಮ ಅಳುಕಿಗೆ ಕಾರಣ ಬಹುತೇಕ ಅದೇ. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ಮೂವತ್ತು ಸೆಕೆಂಡು ನಿಲ್ಲುವುದನ್ನು, ರೂಢಿಯಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದನ್ನು ದಿನವೂ ಅಭ್ಯಾಸ ಮಾಡಿ. ಇಷ್ಟಾದರೂ ಊತ ಮರುಕಳಿಸುತ್ತಿದ್ದರೆ ಕೀಲಿನೊಳಗಿನ ಮೃದ್ವಸ್ಥಿಗೆ ಪೆಟ್ಟಾಗಿದೆಯೇ ಎಂದು ಎಂಆರ್‌ಐಯಿಂದ ನೋಡಬೇಕಾಗುತ್ತದೆ.

ಹೊಸದಾಗಿ ಕಾಲು ಉಳುಕಿದವರಿಗೂ ಒಂದು ಮಾತು. ಕೆನಡಾದ ಒಟ್ಟಾವಾದಲ್ಲಿ 1992 ರಲ್ಲಿ ರೂಪಿಸಿದ ನಿಯಮವನ್ನು ಜಗತ್ತಿನಾದ್ಯಂತ ವೈದ್ಯರು ಬಳಸುತ್ತಾರೆ. ಉಳುಕಿದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎರಡು ಬದಿಯ ಮೂಳೆಗಳ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಲೇಬೇಕು. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ಉದ್ದ ಮೂಳೆಯ ಬುಡಕ್ಕೂ, ಒಳ ಅಂಚಿನಲ್ಲಿ ಕಮಾನಿನ ಮೇಲಿರುವ ಮೂಳೆಗೂ ಇದೇ ಮಾತು ಅನ್ವಯಿಸುತ್ತದೆ. ಇದ್ಯಾವುದನ್ನೂ ನೋಡದೆ ಉಳುಕು ತೆಗೆಯುವವರ ಬಳಿಗೆ ಹೋಗಿ ಕಾಲು ತಿರುಚಿಸಿಕೊಳ್ಳಬೇಡಿ. ಒಳಗೆ ಮೂಳೆ ಮುರಿದಿದ್ದರೆ ಆ ಒಂದು ತಿರುವಿನಿಂದ ತುಂಡುಗಳು ಜರುಗಿಬಿಡಬಹುದು.

ಉತ್ತರ 3: ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ನಾನು ವೈದ್ಯನಲ್ಲ, ಅನುಭವದ ಮಾತನ್ನಷ್ಟೇ ಹೇಳುತ್ತೇನೆ. ನನ್ನ ನೋವು ಕಾಲಿನ ಹೆಬ್ಬೆರಳಿನ ಬುಡದಲ್ಲಿ, ನಡುರಾತ್ರಿಯಲ್ಲಿ ಆರಂಭವಾಯಿತು. ಬೆಳಗಾಗುವಷ್ಟರಲ್ಲಿ ಕೀಲು ಕೆಂಪಾಗಿ ಮಿರಮಿರನೆ ಹೊಳೆಯುತ್ತಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುವಂತಾಗುತ್ತಿತ್ತು. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸಾಮಾನ್ಯ ಮಟ್ಟದಲ್ಲಿದ್ದುದರಿಂದ ಗೌಟ್ (ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲುನೋವು) ಇರಲಾರದೆಂದು ನಾವೆಲ್ಲ ಅಂದುಕೊಂಡಿದ್ದೆವು. ನೋವು ಉಲ್ಬಣಿಸಿರುವಾಗ ಆ ಮಟ್ಟ ಸಾಮಾನ್ಯವಾಗಿ ಕಾಣಬಹುದು, ಕೆಲವು ವಾರ ಬಿಟ್ಟು ಪುನಃ ನೋಡಬೇಕು ಎಂದು ವೈದ್ಯರು ವಿವರಿಸಿದರು. ಎರಡನೆಯ ಪರೀಕ್ಷೆಯಲ್ಲಿ ನಿಜ ಹೊರಬಿತ್ತು. ಈಗ ಮಾತ್ರೆಯ ಮೂಲಕ ಅದನ್ನು ಡೆಸಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ಇರಿಸಿಕೊಂಡಿದ್ದೇನೆ. ಶಿಕ್ಷಕಿಯವರ ನೋವು ಇದಲ್ಲವೆಂಬುದು ಅವರ ವಿವರಣೆಯಿಂದಲೇ ತಿಳಿಯುತ್ತದೆ, ಆದರೂ ಬೆರಳಿನ ಬುಡ ನೋಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉಪಯೋಗವಾಗಲಿ.

ಉತ್ತರ 4: ಶುಶ್ರೂಷಕಿ, ಮೈಸೂರು

ಮೇಡಂ, ಎಲ್ಲರೂ ನಿಮ್ಮ ಹಿಮ್ಮಡಿಯ ಬಗ್ಗೆ ಬರೆದಿದ್ದಾರೆ. ನನಗೆ ನಿಮ್ಮ ತಾಯಿಯವರದೇ ಚಿಂತೆ. ಮಧುಮೇಹಿಗಳ ಪಾದಗಳಿಗೆ ಗಾಯಕಟ್ಟುವ ಕೆಲಸವನ್ನು ಬಹುಕಾಲದಿಂದ ಮಾಡುತ್ತಿದ್ದೇನೆ. ನಿಮ್ಮ ನೋವು ಕಾಲು ಊರಿದಾಗ ಬರುವಂಥದ್ದು, ಅವರದು ಮಲಗಿದಾಗ ಎರಡೂ ಪಾದಗಳಲ್ಲಿ ಬರುವ ಉರಿ. ಇವೆರಡೂ ಒಂದೇ ಅಲ್ಲ. ಅವರದು ನರಗಳಿಗೆ ಸಂಬಂಧಿಸಿದ್ದಾಗಿರುವ ಸಾಧ್ಯತೆಯೇ ಹೆಚ್ಚು, ಹಾಗಿದ್ದಲ್ಲಿ ಉರಿಯ ಬೆನ್ನಿಗೇ ಸ್ಪರ್ಶಜ್ಞಾನ ಕುಂದುತ್ತಾ ಹೋಗುತ್ತದೆ.

ಆದ್ದರಿಂದ ಬಿಸಿನೀರಿನಲ್ಲಿ ಕಾಲಿಡುವುದನ್ನು ಅವರು ಇಂದೇ ನಿಲ್ಲಿಸಬೇಕು ಎಂದು ಕೈಮುಗಿದು ಕೇಳುತ್ತೇನೆ. ನೀರು ಎಷ್ಟು ಬಿಸಿಯಿದೆ ಎಂಬುದು ಅವರ ಪಾದಕ್ಕೆ ತಿಳಿಯದಿರಬಹುದು. ಚರ್ಮ ಬೆಂದು ಬೊಕ್ಕೆ ಎದ್ದದ್ದು ಮರುದಿನ ಮನೆಯವರು ನೋಡಿದ ಮೇಲೆಯೇ ಗೊತ್ತಾಗುವುದುಂಟು. ಎಣ್ಣೆಯನ್ನು ಹಿಮ್ಮಡಿಯ ಒಡಕಿಗೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಅಲ್ಲಿ ತೇವ ನಿಂತರೆ ಕೆಸರುಹುಣ್ಣಾಗುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿ ಅಂಟಿಸುವುದು ಎರಡೂ ಕೂಡದು. ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಅಂಗಾಲು ಮತ್ತು ಬೆರಳ ಸಂದಿಗಳನ್ನು ನೀವೇ ನೋಡಿ, ಅಥವಾ ಅವರ ಕೈಗೆ ಕನ್ನಡಿ ಕೊಡಿ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆಯೇನಾದರೂ ಇದೆಯೇ ಎಂದು ನೋಡುವುದು ಅಭ್ಯಾಸವಾಗಲಿ.

ವರ್ಷಕ್ಕೊಮ್ಮೆಯಾದರೂ ಪಾದಪರೀಕ್ಷೆ ಮಾಡಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆಬೇರೆ ಜಾಗಗಳಿಗೆ ಮುಟ್ಟಿಸಿ, ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಕೆಲವೇ ನಿಮಿಷಗಳ ಕೆಲಸ, ನೋವೇನೂ ಇಲ್ಲ. ಅವರು ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ಬಿ12 ಜೀವಸತ್ವದ ಮಟ್ಟವನ್ನೂ ನೋಡಲು ವೈದ್ಯರನ್ನು ಕೇಳಿ; ಅದರ ಕೊರತೆಯಿಂದಲೂ ಇಂಥದೇ ಉರಿ ಮತ್ತು ಜೋಮು ಬರುತ್ತವೆ. ಸ್ಪರ್ಶ ಕುಂದಿದ ಪಾದಗಳಿಗೆ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ ಒಳ್ಳೆಯದು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಪಾದಗಳು ಹುಣ್ಣಾಗುವುದು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆ ಒತ್ತಡವನ್ನು ಪಾದದ ತುಂಬ ಹರಡುವ ಮೆತ್ತನೆಯ ರಬ್ಬರಿನ ಚಪ್ಪಲಿಯೂ ಅದೇ ಕೆಲಸದ ಫಲ. ಇಂದು ಮಧುಮೇಹಿಗಳಿಗೂ ಅದೇ ಆಸರೆಯಾಗಿದೆ.

ಒಂದು ಪಾದ ಮಾತ್ರ ಇದ್ದಕ್ಕಿದ್ದಂತೆ ಊದಿ, ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿದ್ದೂ ಹೆಚ್ಚು ನೋವಿಲ್ಲದಿದ್ದರೆ, ನೋವಿಲ್ಲವೆಂಬ ಸಮಾಧಾನದಲ್ಲಿ ಕಾಯಬೇಡಿ. ಸೋಂಕಲ್ಲದೆ, ಒಳಗಿನ ಮೂಳೆಗಳೇ ಕುಸಿಯುತ್ತಿರುವ ಶಾರ್ಕೋ ಪಾದವೂ ಆಗಿರಬಹುದು. ಕಾಲೂರದಂತೆ ನೋಡಿಕೊಂಡು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಾಯಿಯವರ ಬಿಸಿನೀರಿನ ಬಕೆಟ್ಟನ್ನು ನಿನ್ನೆ ರಾತ್ರಿಯಿಂದಲೇ ನಿಲ್ಲಿಸಿದ್ದೇವೆ. ಅವರ ಬಲಗಾಲಿನ ಕೊನೆಯ ಎರಡು ಬೆರಳುಗಳ ಸಂದಿಯಲ್ಲಿ ಬಿಳಿಚಿಕೊಂಡ ಬಿರುಕು ಕಂಡಿದ್ದು, ನಾಳೆ ವೈದ್ಯರಿಗೆ ತೋರಿಸುತ್ತೇವೆ. ನನಗೆ ಜೋಮಾಗಲಿ ಮರಗಟ್ಟುವುದಾಗಲಿ ಇಲ್ಲ, ಮಲಗಿದಾಗ ನೋವೂ ಇಲ್ಲ. ಹಿಮ್ಮಡಿಯನ್ನು ಪಕ್ಕಗಳಿಂದ ಒತ್ತಿದರೆ ನೋಯುವುದಿಲ್ಲ. ತಳದ ಒಳಮಗ್ಗುಲಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಹಾರಿಬೀಳುವಷ್ಟು ನೋವು.

ಪ್ರತಿವರ್ಷ ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯಿಂದ ಹೊರಡುವ ಪಾದಯಾತ್ರೆಯಲ್ಲಿ ನಾನೂ ಹೋಗುತ್ತೇನೆ. ಈ ಸಲ ಹೋಗಬಹುದೇ? ಹಾಗೆಯೇ ಶಾಲೆಗೆ ಎಂಥ ಚಪ್ಪಲಿ ಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 5: ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ

ಮೇಡಂ, ಬೆರಳ ಸಂದಿಯ ಬಿರುಕು ಇಷ್ಟು ಬೇಗ ಕಣ್ಣಿಗೆ ಬಿದ್ದದ್ದು ಬಹಳ ಒಳ್ಳೆಯದಾಯಿತು. ನೀವು ತೋರಿಸಿದ ಜಾಗ ನಾರುಪಟ್ಟಿ ಮೂಳೆಗೆ ಅಂಟುವ ಜಾಗವೇ. ಅನುಮಾನಕ್ಕೆ ಹೆಚ್ಚಿನ ಎಡೆಯಿಲ್ಲ.

ಚಪ್ಪಲಿಯನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಪರೀಕ್ಷಿಸಿ. ಎರಡು ತುದಿ ಹಿಡಿದು ಬಾಗಿಸಿದಾಗ ಬೆರಳುಗಳ ಬುಡದ ಜಾಗದಲ್ಲಿ ಮಾತ್ರ ಬಾಗಬೇಕು. ನಡುವಿನಲ್ಲೇ ಮಡಚಿಕೊಳ್ಳುವುದಾದರೆ ಅಥವಾ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವುದಾದರೆ ಬೇಡ. ಹಿಮ್ಮಡಿ ಎರಡು ಮೂರು ಸೆಂಟಿಮೀಟರ್ ಎತ್ತರವಿದ್ದು ಮೆತ್ತಗಿರಲಿ, ಹಿಂದೆ ಪಟ್ಟಿಯಿರಲಿ. ಸವೆದು ತೆಳುವಾದ ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತಲೇ ಇರಬೇಕಾಗುವುದರಿಂದ ಅಂಗಾಲಿಗೆ ಬಿಡುವೇ ಸಿಗುವುದಿಲ್ಲ. ಸಿಲಿಕೋನ್ ಹಿಮ್ಮಡಿ ಮೆತ್ತೆಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ, ಶೂ ಧರಿಸುವವರು ಮೊದಲು ಅವನ್ನೇ ಹಾಕಿ ನೋಡಬಹುದು. ದುಬಾರಿ ಅಚ್ಚಿನ ಅಟ್ಟೆಗಳಿಗೆ ಆರಂಭದಲ್ಲೇ ಹಣ ಸುರಿಯಬೇಕಾಗಿಲ್ಲ.

ಪಾದಯಾತ್ರೆಯ ಮಾತಿಗೆ ಬಂದರೆ, ಈಗಿನ ಸ್ಥಿತಿಯಲ್ಲಿ ಬೇಡ ಎನ್ನುತ್ತೇನೆ. ರಥೋತ್ಸವಕ್ಕೆ ಇನ್ನೂ ತಿಂಗಳುಗಳಿರುವುದರಿಂದ ಅಂತಿಮ ತೀರ್ಮಾನವನ್ನು ಈಗಲೇ ಮಾಡಬೇಕಾಗಿಲ್ಲ. ಬೆಳಗಿನ ಇರಿತ ಸ್ವಲ್ಪ ತಗ್ಗಿದ ಮೇಲೆ ಶಕ್ತಿಯ ವ್ಯಾಯಾಮ ಆರಂಭಿಸಿ. ಮೆಟ್ಟಿಲ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲ್ಲಿನ ಮೇಲೆ ಬೆರಳುಗಳು ಮೇಲಕ್ಕೆ ಬಾಗುವಂತೆ ನಿಂತು, ಆಸರೆ ಹಿಡಿದು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಸಿ. ಮೊದಲು ಎರಡೂ ಕಾಲುಗಳಲ್ಲಿ, ಆಮೇಲೆ ನೋಯುವ ಒಂದೇ ಕಾಲಿನಲ್ಲಿ. ಹನ್ನೆರಡು ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಮಾಡುವಾಗ ಅಲ್ಪಸ್ವಲ್ಪ ನೋವಾದರೆ ತೊಂದರೆಯಿಲ್ಲ, ಆದರೆ ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಅಷ್ಟು ಹೊರೆ ಕಾಲಿಗೆ ಇನ್ನೂ ಒಗ್ಗಿಲ್ಲವೆಂದು ತಿಳಿದು ಸುತ್ತುಗಳನ್ನು ಕಡಿಮೆ ಮಾಡಿ. ನಡಿಗೆಯನ್ನು ಹೆಚ್ಚಿಸುವಾಗಲೂ ಇದೇ ಅಳತೆಯನ್ನು ಇಟ್ಟುಕೊಳ್ಳಿ. ಸಂಕ್ರಾಂತಿಯ ಹೊತ್ತಿಗೆ ಬೆಳಗ್ಗೆ ನೋವಿಲ್ಲದೆ ಎದ್ದು, ಸತತ ಎರಡು ದಿನ ಒಂದೊಂದು ಗಂಟೆ ನಡೆದರೂ ಮರುದಿನ ತೊಂದರೆಯಾಗದಿದ್ದರೆ, ಯಾತ್ರೆಯ ಒಂದು ಭಾಗವನ್ನು ಶೂ ಧರಿಸಿ ನಡೆಯುವ ಬಗ್ಗೆ ಯೋಚಿಸೋಣ. ಬರಿಗಾಲಿನಲ್ಲಿ ಪೂರ್ತಿ ದಾರಿಯನ್ನು ಈ ವರ್ಷ ಕೈಬಿಡಿ.

ಎಡಗಾಲಿಗೆ ವೈದ್ಯರು ಹೇಳಿದ ಒಂಟಿಕಾಲಿನ ಅಭ್ಯಾಸವನ್ನು ಹಲ್ಲುಜ್ಜುವಾಗ ಮಾಡಿ. ಅದಕ್ಕೆಂದು ಬೇರೆ ಸಮಯ ಹುಡುಕಬೇಕಾಗುವುದಿಲ್ಲ. ಮೂರು ತಿಂಗಳು ಇದನ್ನೆಲ್ಲ ಕ್ರಮವಾಗಿ ಮಾಡಿಯೂ ಹಿಮ್ಮಡಿಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಇಲ್ಲಿ ಮತ್ತೆ ಬರೆಯಿರಿ, ನೋಯುವ ಜಾಗಕ್ಕೆ ಚರ್ಮದ ಮೇಲಿಂದಲೇ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯ ವಿಷಯವನ್ನು ಆಗ ವಿವರಿಸುತ್ತೇನೆ.